ಹನ್ನೊಂದಕ್ಕೆ ಚಂದನಳ ಇಂಟರ್‌ವ್ಯೂ

ಚಂದನ,

ಎಬ್ಬಿಸೋಕೆ ಮನಸ್ಸಾಗಲಿಲ್ಲ. ಕಂಪನಿ ಲ್ಯಾಪ್‌ಟಾಪ್ ವಾಪಸ್ ಕೊಡೋಕೆ ಬೆಂಗಳೂರಿಗೆ ಹೋಗ್ತಿದ್ದೀನಿ. ನಿನ್ನೆ ಸಂಜೆ ನನ್ನನ್ನ ಕೆಲಸದಿಂದ ತೆಗೆದರು. ಆತಗೂರಿಂದ ಅವ್ವ ಫೋನ್ ಮಾಡಿದ್ರೆ ಹೇಳಬೇಡ. "ದಿನಾ ಒಸಬ್ರನ್ನ ಸೇರಿಸ್ಕತಾವ್ರೆ ಅಂತಿದ್ದೆ, ನಿನ್ನ ಯಾಕವ್ವ ತಗುದ್ರು?" ಅಂತಾಳೆ. ಏನಂತ ಹೇಳಲಿ?

ನಿನ್ನ ವಿಡಿಯೋ ಇಂಟರ್‌ವ್ಯೂ ಹನ್ನೊಂದಕ್ಕೇ ಇದೆ, ತಪ್ಪಿಸಬೇಡ. ಬೀದಿ ಕಡೆ ಕಿಟಕಿ ಹಾಕಿಕೊ, ಕಬ್ಬಿನ ಲಾರಿ ಸದ್ದಲ್ಲಿ ನಿನ್ನ ಮಾತು ಕೇಳಲ್ಲ. ಕರೆಂಟು ಹೋದ್ರೆ ಫೋನಲ್ಲಿ ಮುಂದುವರಿಸು. ಹೊಟ್ಟೆಗೆ ಏನಾದ್ರೂ ಹಾಕಿಕೊಂಡು ಕೂರು. ಇಡ್ಲಿ ಹಿಟ್ಟು ಫ್ರಿಜ್ಜಲ್ಲಿದೆ.

ನಿನಗೆ ಕೇಳೋ ಪ್ರಶ್ನೆಗಳನ್ನ ಬರೆದವಳು ನಾನೇ. "ಕಂಪನಿ ಬೆಳೀತಿದೆ, ನಿಮ್ಮ ಜೊತೆಗೆ ಇನ್ನೊಬ್ಬರು ಬೇಕು" ಅಂದಿದ್ದ ನಮ್ಮ ಮ್ಯಾನೇಜರ್ ರಘುನಂದನ್. ನಂಬಿಕೊಂಡು, ನಾನು ಮಾಡೋ ಕೆಲಸವನ್ನೆಲ್ಲ ಬರೆದುಕೊಟ್ಟೆ. ಅಕ್ಕತಂಗಿ ಒಟ್ಟಿಗೆ ಇರಬಹುದು ಅಂತ ನಿನ್ನ ಹೆಸರನ್ನೂ ಕೊಟ್ಟೆ. ಅವರು ಹುಡುಕ್ತಿದ್ದದ್ದು ನನ್ನ ಜಾಗಕ್ಕೆ.

ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ಇದೆ, ಸ್ವಲ್ಪ. ಸಂಜೆ ಹೊತ್ತಿಗೆ ಇಳಿಯುತ್ತೆ.

ಇಂಟರ್‌ವ್ಯೂ ಕೊನೆಗೆ ರಘುನಂದನ್ "ನೀವೇನಾದ್ರೂ ಕೇಳೋದಿದೆಯಾ?" ಅಂತಾನೆ. "ಮೊದಲು ಈ ಕೆಲಸ ಮಾಡ್ತಿದ್ದವರು ಏನಾದ್ರು ಸರ್?" ಅಂತ ಕೇಳು. ನೀನು ನನ್ನ ತಂಗಿ ಅಂತ ಅವನಿಗೆ ಗೊತ್ತು. ಆಗ ಅವನ ಮುಖ ಹೇಗಾಯ್ತು ಅಂತ ನಾನು ಬಂದ ಮೇಲೆ ಹೇಳು.

ಬೇಡ, ಕೇಳಬೇಡ. ಮನೇಲಿ ಒಬ್ಬರಿಗಾದ್ರೂ ಕೆಲಸ ಇರಲಿ. ನಗುನಗ್ತಾ "ಏನಿಲ್ಲ ಸರ್" ಅನ್ನು.

ಅಕ್ಕ