ಎಡ ಮಗ್ಗುಲು

ಮಾರ್ಚ್ 3, ಸೋಮವಾರ

ಕುಂಡಗಳನ್ನೆಲ್ಲ ಕಾಲು ಸುತ್ತು ತಿರುಗಿಸಿದ್ದಾಯಿತು. ಮನೆಯವು ಹದಿನಾಲ್ಕು, ನಾನು ಗಿಡ ನೋಡಿಕೊಳ್ಳುವ ಆಫೀಸಿನವು ಎಂಬತ್ತು. ಒಂದು ವಾರ ಮರೆತರೆ ಸಾಕು, ಬೆಳಕಿನ ಕಡೆಗೇ ವಾಲಿಬಿಡುತ್ತವೆ.

ಆಫೀಸ್ ಲಾಬಿಯ ರಬ್ಬರ್ ಗಿಡ ಮಾತ್ರ ನಾಲ್ಕು ಜನ ಹಿಡಿದರೂ ಜಗ್ಗುವುದಿಲ್ಲ. ಮ್ಯಾನೇಜರ್ ತಲೆ ತಿಂದ. "ಏನ್ರೀ ಇದು, ಕುಡುಕನ ಥರ ನಿಂತಿದೆ!" ಗಿಡ ತಿರುಗದಿದ್ದರೆ ದೀಪ ತಿರುಗಿಸಬೇಕು. ಕತ್ತಲ ಬದಿಗೆ ಇನ್ನೊಂದು ಎಲ್‌ಇಡಿ ಹಾಕಿಸಿದೆ. ಕೋಲು ನೆಟ್ಟು ಕಾಂಡಕ್ಕೆ ಬಟ್ಟೆ ಪಟ್ಟಿ ಕಟ್ಟಿದೆ, ಸಡಿಲವಾಗಿ.

ಮನೆಗೆ ಬಂದರೆ ಅಕ್ಕ ಗೋಡೆ ಕಡೆ ಮುಖ ಮಾಡಿ ಬುಸುಗುಡುತ್ತಿದ್ದಳು. ಮೆಟ್ಟಿಲಿಂದ ಬಿದ್ದು ಏಳು ತಿಂಗಳು. ಸೊಂಟದ ಕೆಳಗೆ ಸ್ಪರ್ಶವೇ ಇಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ನರ್ಸ್ ಹೇಳಿದ್ದಾರೆ. ಹಗಲು ಪಕ್ಕದ ಮನೆ ಆಂಟಿ, ಆಮೇಲೆ ನಾನು.

ಮಾರ್ಚ್ 4, ಮಂಗಳವಾರ

ಎಡಕ್ಕೆ ಮಲಗಿದರೆ ಕಿಟಕಿ, ಗಿಡದ ರ‍್ಯಾಕ್, ದೀಪ. ಬಲಕ್ಕೆ ಬರೀ ಗೋಡೆ. ಇವತ್ತು ಹಟ ಹಿಡಿದಳು.

"ಆ ಗೋಡೆ ಜೊತೆ ಎಷ್ಟೂಂತ ಮಾತಾಡ್ಲೇ? ಒಂದಿನಾನಾದ್ರೂ ತಿರುಗಿ ಮಾತಾಡಿದ್ಯಾ ಅದು? ರ‍್ಯಾಕ್ ಈ ಕಡೆ ತಂದಿಡು."

"ಆಗಲ್ಲ ಅಕ್ಕ. ಜಾಗ ಬದಲಿಸಿದ್ರೆ ಎಲೆ ಉದುರಿಸ್ತವೆ."

"ಹಂಗಾದ್ರೆ ನನ್ನ ತಿರುಗಿಸ್ಬೇಡ. ಗಿಡದಮ್ಮ ಕಣೇ ನೀನು... ಅಕ್ಕನಿಗಿಂತ ಗಿಡ ಹೆಚ್ಚು."

ನಕ್ಕೆ. ಅವಳೂ ನಕ್ಕಳು. ಎಷ್ಟು ದಿನವಾಗಿತ್ತೋ ನಕ್ಕು. ಅವಳು ಬೇಡ ಅಂದರೆ ಬಿಟ್ಟುಬಿಡಿ ಅಂತ ಆಂಟಿಗೂ ಹೇಳಿದೆ. ಆಫೀಸಿನಲ್ಲಿ ಹೊಸ ಮಹಡಿ, ಇನ್ನೂ ನಲವತ್ತು ಕುಂಡ. ನನಗೂ ಅನುಕೂಲವೇ ಆಯಿತು.

ಮಾರ್ಚ್ 19, ಬುಧವಾರ, ಬೆಳಿಗ್ಗೆ

ಎರಡು ದಿನದಿಂದ ಕೋಣೆಯಲ್ಲಿ ಕೊಳೆತ ವಾಸನೆ. ನೀರು ಹೆಚ್ಚಾಗಿ ಬೇರು ಕೊಳೆತಿದೆ ಅಂದುಕೊಂಡೆ. ಹದಿನಾಲ್ಕೂ ಕುಂಡ ಬೋರಲು ಹಾಕಿ ಮಣ್ಣು ಬಿಡಿಸಿ ನೋಡಿದೆ. ಎಲ್ಲ ಬಿಳಿ ಬೇರು. ಒಂದೂ ಕೊಳೆತಿಲ್ಲ.

ಆಮೇಲೆ ಅಕ್ಕನ ಹೊದಿಕೆ ತೆಗೆದೆ. ಎಡ ಸೊಂಟದಲ್ಲಿ ಅಂಗೈಯಗಲ ಕಪ್ಪು. ನಡುವೆ ಹಳ್ಳ. ಅಯ್ಯೋ ದೇವರೇ... ಮೈ ಸುಡುತ್ತಿದೆ. "ಏನಾಯ್ತೇ? ನನಗೇನೂ ನೋವಿಲ್ಲ" ಅನ್ನುತ್ತಾಳೆ.

ಆಂಬುಲೆನ್ಸ್‌ಗೆ ಕಾಯುತ್ತಿದ್ದೇನೆ. ಕೈ ತುಂಬ ಮಣ್ಣು.

ಮಾರ್ಚ್ 20, ಗುರುವಾರ

ಗಾಯ ಮೂಳೆ ಮುಟ್ಟಿದೆ. ನಂಜು ರಕ್ತಕ್ಕೆ ಏರಿದೆ.

"ಎಷ್ಟು ದಿನದಿಂದ ಒಂದೇ ಮಗ್ಗುಲು?" ಡಾಕ್ಟರ್ ಕೇಳಿದರು.

"ಮೂರು ದಿನ" ಅಂದೆ.

ಹದಿನೈದು. ನಾಲಿಗೆ ಬೀಳಬಾರದೇ ನನ್ನದು!

ಲಾಬಿಯ ಗಿಡಕ್ಕೆ ಹೊಳೆದ ಉಪಾಯ ಮನೆಯಲ್ಲಿ ಹೊಳೆಯಲಿಲ್ಲ. ಹೊಳೆಯಲಿಲ್ಲ ಅನ್ನುವುದೂ ಸುಳ್ಳು. ಅಕ್ಕನೇ ಬಾಯಿಬಿಟ್ಟು ಕೇಳಿದ್ದಳು. ಉದುರಿದ್ದರೆ ಏನು, ಹತ್ತು ಎಲೆ ಉದುರುತ್ತಿದ್ದವು. ಮಾಡಿದವಳು ನಾನು, ಉಣ್ಣುತ್ತಿರುವವಳು ಅವಳು.

ಮಾರ್ಚ್ 22, ಶನಿವಾರ, ಮಧ್ಯಾಹ್ನ

ಔಷಧಿ ನಾಟುತ್ತಿಲ್ಲ. "ಇನ್ನು ನಮ್ಮ ಕೈಲಿಲ್ಲ, ಜೊತೇಲೇ ಇರಿ" ಅಂದರು ಡಾಕ್ಟರ್.

ಬಲಕ್ಕೆ ಮಲಗಿಸಿದ್ದಾರೆ. ಇಲ್ಲೂ ಎದುರಿಗೆ ಗೋಡೆಯೇ. ನಾನು ಅವಳ ಬೆನ್ನ ಹಿಂದೆ, ಸ್ಟೂಲಿನ ಮೇಲೆ.

"ಎಲ್ಲಿದ್ದೀಯೇ?"

"ಇಲ್ಲೇ ಇದ್ದೀನಿ ಅಕ್ಕ."

"ಕಾಣ್ತಾನೇ ಇಲ್ವಲ್ಲ..."

ಸ್ಟೂಲ್ ಎತ್ತಿಕೊಂಡು ಮಂಚ ಸುತ್ತಿ ಹೋದೆ. ಗೋಡೆಗೂ ಮಂಚಕ್ಕೂ ನಡುವೆ ತೂರಿ ಕೂತೆ. ನಾಲ್ಕೇ ಹೆಜ್ಜೆ. ಇಷ್ಟೇ ಕೆಲಸವಿತ್ತು.

ಕಣ್ಣು ಬಿಟ್ಟು ನೋಡಿದಳು. "ಹಾಂ, ಈಗ ಸರಿಹೋಯ್ತು" ಅಂದಳು. ನನ್ನ ಬೆರಳು ಹಿಡಿದೇ ನಿದ್ದೆ ಹೋಗಿದ್ದಾಳೆ. ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದೇನೆ. ಎದ್ದ ಕೂಡಲೇ ಹೇಳಿಬಿಡಬೇಕು. ರ‍್ಯಾಕ್ ಈ ಕಡೆ ತರೋದೇನೂ ಕಷ್ಟ ಇರಲಿಲ್ಲ ಅಕ್ಕ, ನಾನೇ —