ಕಸ್ತೂರಿಯ ಪರವಾಗಿ ನಾನು ಆಡಿದ ಮಾತು

ಗದಗ-ಬೆಟಗೇರಿ
2151ನೇ ಇಸವಿ, ಎರಡನೇ ಬೇಸಿಗೆಯ ಹತ್ತೊಂಬತ್ತನೇ ದಿನ

ಮುತ್ತಜ್ಜಿ ದಾಕ್ಷಾಯಣಿ ಹೊಂಬಳ ಅವರಿಗೆ ಮರಿಮೊಮ್ಮಗ ಫಕೀರಪ್ಪನ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದು ದಸರೆ ಮುಗಿದ ಮೇಲೆ ಬರುತ್ತದೆ. ನಿಮ್ಮ ತಿಂಗಳುಗಳ ಹೆಸರನ್ನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಯುವಾಗ ಬಾಯಿಪಾಠ ಮಾಡಿದ್ದೆ, ಈಗ ಆಗಸ್ಟಿನವರೆಗೆ ಹೋಗಿ ನಿಲ್ಲುತ್ತೇನೆ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಮಾತು ಬಂದರೆ ಕ್ಷಮಿಸಿ. ನಿಮ್ಮ ಮಾತುಗಳಲ್ಲಿ ಅರ್ಧ ನನಗೂ ತಿಳಿದಿಲ್ಲ. ಇನ್ನೊಂದು ತೊಡಕು. ನೀವು ನನ್ನ ಮುತ್ತಜ್ಜಿ, ಆದರೆ ಇದನ್ನು ಓದುವಾಗ ನಿಮಗೆ ಇಪ್ಪತ್ನಾಲ್ಕು, ಬರೆಯುವ ನನಗೆ ಎಪ್ಪತ್ತೊಂದು. ನೀವು ಅನ್ನಲೋ ನೀನು ಅನ್ನಲೋ ಎಂದು ಎರಡು ಹಾಳೆ ಹರಿದೆ. ನಮ್ಮ ಕಡೆ ಹೆತ್ತ ತಾಯಿಗೂ ಅವ್ವಾ ಅನ್ನುತ್ತೇವೆ, ಎತ್ತಿ ಆಡಿಸಿದ ಮೊಮ್ಮಗಳಿಗೂ ಅವ್ವಾ ಅನ್ನುತ್ತೇವೆ. ಹಾಗೇ ಕರೆಯುತ್ತೇನೆ. ಅವ್ವಾ, ನಿನ್ನ ಮದುವೆಯ ಚಿಂತೆ ಮನೆಯವರಿಗೆ ಇದ್ದರೆ ಬಿಡಲು ಹೇಳು. ನಾನು ಇಲ್ಲಿ ಕುಳಿತು ಬರೆಯುತ್ತಿದ್ದೇನಲ್ಲ.

ನೀನು ಇಪ್ಪತ್ನಾಲ್ಕರಲ್ಲಿ ಇಟ್ಟುಕೊಂಡಿದ್ದ ನೀಲಿ ಫೈಲು ನಮ್ಮ ಮನೆಯಲ್ಲಿದೆ. ಬಿಸಿನೆಸ್ ಸ್ಕೂಲಿನ ಇಂಟರ್‌ವ್ಯೂಗೆಂದು ನಲವತ್ತು ಪ್ರಶ್ನೆ, ನಲವತ್ತು ಉತ್ತರ ಬರೆದಿಟ್ಟುಕೊಂಡಿದ್ದೀಯ. ಅಂಚಿನಲ್ಲಿ ಪೆನ್ಸಿಲಿನಿಂದ ‘ಇಲ್ಲಿ ನಗಬೇಕು’, ‘ಇಲ್ಲಿ ಉಸಿರು ತೆಗೆದುಕೊಳ್ಳಬೇಕು’ ಎಂದು ಕನ್ನಡದಲ್ಲಿದೆ. ಉಳಿದದ್ದೆಲ್ಲ ಇಂಗ್ಲಿಷ್. ಈಗ ಇಂಗ್ಲಿಷನ್ನು ಯಾರೂ ಮಾತಾಡುವುದಿಲ್ಲ, ಹಳೆಯ ಕಾಗದ ಓದಲೆಂದು ಕೆಲವರು ಎರಡು ವರ್ಷ ಕಲಿಯುತ್ತೇವೆ. ನನಗೆ ಉಳಿದಿರುವುದು ಸ್ವಲ್ಪ. ನೀನು ಪುಟಪುಟದಲ್ಲೂ ಬರೆದ ಲೀಡರ್‌ಶಿಪ್ ಎಂಬುದು ಹಡಗಿನ ವಿಷಯ ಎಂದುಕೊಂಡು ಮೂರು ದಿನ ಓದಿದೆ. ಗದಗಿನ ಹುಡುಗಿಗೆ ಹಡಗು ಯಾಕೆ ಎಂದು ಕಸ್ತೂರಿ ಕೇಳಿದ ಮೇಲೆ ಅನುಮಾನ ಬಂತು.

ಕಸ್ತೂರಿ ನನ್ನ ಮಗಳ ಮಗಳು. ಇಪ್ಪತ್ಮೂರು ವರ್ಷ. ಮಗಳು, ಅಳಿಯ ಕಾರವಾರದಲ್ಲಿ ಕಡಲಗೋಡೆ ಕಟ್ಟುವ ಕೆಲಸದಲ್ಲಿದ್ದಾರೆ. ಇವಳು ಬೆಳೆದದ್ದು ನಮ್ಮ ನೆರಳಂಗಡಿಯಲ್ಲಿ. ನೆರಳಂಗಡಿ ಎಂದರೆ ನೆರಳನ್ನು ಬಾಡಿಗೆಗೆ ಕೊಡುವ ಅಂಗಡಿ. ನಿನ್ನ ಕಾಲದಲ್ಲಿ ಪೆಂಡಾಲ್ ಹಾಕುವವರು ಇದ್ದರಂತೆ, ಅದೇ ಕಸುಬು, ಆದರೆ ಈಗ ಅದಿಲ್ಲದೆ ಬೀದಿಯಲ್ಲಿ ಬದುಕಿಲ್ಲ. ಬೆಳಗಿನ ಒಂಬತ್ತಕ್ಕೇ ನೆಲ ಕಾಲು ಸುಡುತ್ತದೆ. ಹನ್ನೊಂದಕ್ಕೆ ಊರೆಲ್ಲ ಬಾಗಿಲು ಹಾಕಿ ಮಲಗಿ ನಾಲ್ಕಕ್ಕೆ ಏಳುತ್ತದೆ; ನಡುವೆ ಬೀದಿಯಲ್ಲಿ ನಾಯಿ ಕೂಡ ಕಾಣುವುದಿಲ್ಲ. ಬೆಟಗೇರಿಯ ಮಗ್ಗಗಳಲ್ಲಿ ಸೀರೆಯ ಜೊತೆಗೆ ನೆರಳುಬಟ್ಟೆ ನೇಯುತ್ತಾರೆ, ಮೇಲೆ ಬಿಳಿ, ಕೆಳಗೆ ಹಸಿರು; ಅಡಿಯಲ್ಲಿ ನಿಂತರೆ ಬೇವಿನ ಮರದ ಕೆಳಗೆ ನಿಂತಷ್ಟು ತಂಪು. ಸಂತೆಗೆ, ಮದುವೆಗೆ, ಮಣ್ಣು ಮಾಡುವುದಕ್ಕೆ, ಎಲ್ಲಕ್ಕೂ ಜನ ಮೊದಲೇ ನೆರಳು ಹೇಳಿಡುತ್ತಾರೆ. ಹೇಳಿಟ್ಟವರಿಗೆ ಒಂದು ಚೀಟಿ ಬರೆದುಕೊಡುತ್ತೇವೆ. ನಾವು ಅಂಗಡಿಯಲ್ಲಿ ಇಲ್ಲದಿದ್ದರೂ ಚೀಟಿ ಇಟ್ಟು ಬಟ್ಟೆ ಒಯ್ಯಬಹುದು.

ಈ ಅಂಗಡಿ ಕಟ್ಟಿದವಳು ನನ್ನ ಹೆಂಡತಿ ಶಂಕ್ರವ್ವ. ಹೋಗಿ ನಾಲ್ಕು ವರ್ಷವಾಯಿತು. ಯಾರಿಗೆ ಯಾವ ಬಟ್ಟೆ, ಯಾವ ದಿನ, ಎಲ್ಲ ಅವಳ ತಲೆಯಲ್ಲಿರುತ್ತಿತ್ತು, ನನ್ನ ಕನ್ನಡಕ ಎಲ್ಲಿದೆ ಎಂಬುದು ಕೂಡ. ಅವಳಿದ್ದಾಗ ನಾನು ಏನನ್ನೂ ನೆನಪಿಡಬೇಕಾಗಿರಲಿಲ್ಲ. ಆದ್ದರಿಂದ ನನ್ನ ಮರೆವು ಯಾವಾಗ ಶುರುವಾಯಿತೋ ನನಗೇ ತಿಳಿಯಲಿಲ್ಲ. ಅವಳು ಹೋದ ಮೇಲೆ ಕಸ್ತೂರಿ ಊರೆಲ್ಲ ಓಡಾಡಿ ನೆರಳು ಕಟ್ಟಿಸಿದಳು, ನಾನು ಅಂಗಡಿಯಲ್ಲಿ ಕುಳಿತು ಚೀಟಿ ಬರೆದೆ. ಹೊರಗೆ ಯಾರಾದರೂ ನೆರಳು ಕೇಳಿದರೆ ಅವಳೇ ಅಲ್ಲೇ ಬರೆದುಕೊಡುತ್ತಿದ್ದಳು.

ಅವಳಿಗೆ ಧಾರವಾಡದ ವ್ಯಾಪಾರಶಾಲೆ ಸೇರುವ ಆಸೆ. ನೀನು ಬಿಸಿನೆಸ್ ಸ್ಕೂಲ್ ಎಂದದ್ದು ಅದನ್ನೇ. ಗದಗಿನಿಂದ ಲಕ್ಕುಂಡಿಯವರೆಗೆ ದಾರಿಯುದ್ದ ನೆರಳು ಹಾಕಿ ಜನ ನಡುಮಧ್ಯಾಹ್ನವೂ ನಡೆಯುವಂತೆ ಮಾಡಬೇಕೆಂಬುದು ಅವಳ ಕನಸು. ಅದಕ್ಕೆ ನೂರು ಅಂಗಡಿಗಳನ್ನು ಒಂದು ಮಾಡಬೇಕು. ಆ ವಿದ್ಯೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಸಿಗುವುದಿಲ್ಲ.

ಇಲ್ಲಿನ ಸಂದರ್ಶನ ನಿನ್ನದರಂತಲ್ಲ. ನಿನ್ನ ಕಾಲದ ನಂತರ ಯಂತ್ರಗಳು ಎಲ್ಲರಿಗೂ ಒಂದೇ ತರಹದ ಚೆಂದದ ಉತ್ತರ ಬರೆದುಕೊಡತೊಡಗಿದವಂತೆ. ಎದುರು ಕುಳಿತವರು ಯಾರು, ಮಾತಾಡುತ್ತಿರುವುದು ಯಾರು ಎಂದು ತಿಳಿಯದೆ ಶಾಲೆಯವರು ಕೆಲವು ವರ್ಷ ಹೆಸರುಗಳನ್ನು ಡಬ್ಬಿಗೆ ಹಾಕಿ ಎತ್ತಿದರಂತೆ. ಆಮೇಲೆ ಬಂದದ್ದು ಬದಲುಬಾಯಿ ಪದ್ಧತಿ. ಸೇರುವವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವಂತಿಲ್ಲ. ಅವರೊಡನೆ ಎರಡು ವರ್ಷವಾದರೂ ಕೆಲಸ ಮಾಡಿದ ಒಬ್ಬರು ಅವರ ಬದಲು ಉತ್ತರ ಕೊಡಬೇಕು. ಆ ಒಬ್ಬರೇ ಬದಲುಬಾಯಿ. ಸೇರುವವರು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದು, ಬೇಕೆನಿಸಿದಾಗ ಒಂದೇ ಒಂದು ಸಲ ಬಾಯಿ ತೆರೆಯಬಹುದು. ಬದಲುಬಾಯಿ ಸುಳ್ಳಾಡಿದರೆ, ಅಥವಾ ನೆನಪು ಗಟ್ಟಿಯಿಲ್ಲದವರು ಎಂದು ಕಂಡರೆ, ಆ ಸಾಕ್ಷಿ ಬಿದ್ದುಹೋಗುತ್ತದೆ, ಮತ್ತೆ ಮೂರು ವರ್ಷ ಅರ್ಜಿ ಹಾಕುವಂತಿಲ್ಲ. ಅಂಗಡಿಯಲ್ಲಿ ಅವಳೊಡನೆ ಅಷ್ಟು ಕಾಲ ದುಡಿದವನು ನಾನೊಬ್ಬನೇ ಆದ್ದರಿಂದ ಕಸ್ತೂರಿ ನನ್ನನ್ನೇ ಬದಲುಬಾಯಿ ಎಂದು ಬರೆದುಕೊಟ್ಟಳು. ಹೀಗಾಗಿ ಈ ವಯಸ್ಸಿನಲ್ಲಿ ಪರೀಕ್ಷೆಗೆ ಓದಬೇಕಾದವನು ನಾನು, ಬೆತ್ತ ಹಿಡಿದವಳು ಅವಳು.

ಆಗ ನಿನ್ನ ಫೈಲು ತೆಗೆದೆ. ನಿನ್ನ ದೊಡ್ಡ ಕುಂದು ಯಾವುದು ಎಂಬ ಪ್ರಶ್ನೆಗೆ ನೀನು, ನಾನು ಅತಿಯಾಗಿ ದುಡಿಯುತ್ತೇನೆ, ಅದೇ ನನ್ನ ಕುಂದು ಎಂದು ಬರೆದಿದ್ದೀಯ. ನನಗೆ ಬಹಳ ಹಿಡಿಸಿತು. ಓದಿ ಹೇಳಿದರೆ ಕಸ್ತೂರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುತ್ತಜ್ಜಿ ಭಾಳ ಶಾಣ್ಯಾ ಅದಾಳ, ಆದರ ಇದನ್ನ ಅಲ್ಲಿ ಹೇಳಿದರ ನಮ್ಮನ್ನ ಹೊರಗ ದಬ್ಬತಾರ ಅಜ್ಜಾ, ಅಲ್ಲಿ ಖರೇ ತಪ್ಪು ಬೇಕು, ಮಾಬೂಬಿ ಚಾಚೀದು ಹೇಳು ಅಂದಳು.

ಮಾಬೂಬಿ ಬೆಟಗೇರಿ ಸಂತೆಯಲ್ಲಿ ಕಾಯಿಪಲ್ಯ ಮಾರುವವಳು. ಅರವತ್ತರ ಮೇಲೆ ವಯಸ್ಸು. ಏಳು ತಿಂಗಳ ಹಿಂದೆ, ಮೊದಲ ಬೇಸಿಗೆಯಲ್ಲಿ, ಕಾಯಿಪಲ್ಯದವರ ಸಾಲಿಗೆ ಹೇಳಿಟ್ಟ ದೊಡ್ಡ ಬಟ್ಟೆಯನ್ನು ಒಂದು ಮದುವೆಯವರು ಚೀಟಿ ಇಟ್ಟು ಒಯ್ದುಬಿಟ್ಟಿದ್ದರು. ಒಂದೇ ಬಟ್ಟೆಗೆ ಎರಡು ಕಡೆ ಮಾತು ಕೊಟ್ಟಾಗಿತ್ತು. ಬೇರೆ ಬಟ್ಟೆ ಹುಡುಕಿ ತರುವಷ್ಟರಲ್ಲಿ ಮಾಬೂಬಿ ಬದನೆಕಾಯಿ ಬುಟ್ಟಿಯ ಮೇಲೆ ಕುಸಿದು ಬಿದ್ದಿದ್ದಳು. ಎರಡು ದಿನ ಆಸ್ಪತ್ರೆಯಲ್ಲಿದ್ದಳು. ತಾನೇ ಮರೆತು ಇಬ್ಬರಿಗೂ ಹ್ಞೂ ಅಂದದ್ದು ಎಂದು ಕಸ್ತೂರಿ ಎಲ್ಲರೆದುರು ತಪ್ಪೊಪ್ಪಿಕೊಂಡಳು. ನಾನೂ ಅವಳನ್ನು ಬೈದೆ, ಸಾಲಿನವರೆಲ್ಲ ಕೇಳುವಂತೆ. ನಿಮ್ಮಜ್ಜಿ ಇದ್ದಿದ್ದರೆ ಈ ಅಂಗಡಿಗೆ ಇಂಥ ಹೆಸರು ಬರುತ್ತಿರಲಿಲ್ಲ ಎಂದೆ.

ಸಂದರ್ಶನಕ್ಕೆ ಎರಡು ದಿನ ಇರುವಾಗ, ಆ ಮದುವೆ ಯಾರದು, ಬಟ್ಟೆ ಎಷ್ಟು ಮೊಳದ್ದು ಎಂದು ಕೇಳಿದರೆ ಸರಿಯಾಗಿ ಹೇಳಬೇಕಲ್ಲ ಎಂದು, ವಾಪಸು ಬಂದ ಚೀಟಿಗಳ ಡಬ್ಬಿ ತೆಗೆದೆ. ಆ ಮದುವೆಯ ಚೀಟಿ ತಳದಲ್ಲಿ ನಾಲ್ಕಾಗಿ ಮಡಿಸಿ ಇತ್ತು. ಅಕ್ಷರ ನನ್ನದು. ಕೆಳಗೆ ಇಂಗ್ಲಿಷಿನಲ್ಲಿ ಓಕೆ ಎಂದು ಬರೆದಿತ್ತು. ಈ ಊರಿನಲ್ಲಿ ಹಾಗೆ ಬರೆಯುವ ಅಂಗಡಿಯವನು ನಾನೊಬ್ಬನೇ. ಆ ಮದುವೆಯವರು ಬಂದದ್ದು, ನಾನು ಬರೆದದ್ದು, ಯಾವುದೂ ನೆನಪಿಗೆ ಬರಲಿಲ್ಲ. ಈಗಲೂ ಬಂದಿಲ್ಲ ಅವ್ವಾ.

ನಿಜ ಹೇಳಿದರೆ ಮರೆಗುಳಿಯ ಸಾಕ್ಷಿ ಎಂದು ಅವಳ ಮೂರು ವರ್ಷ ಹೋಗುತ್ತದೆ. ಹೇಳದಿದ್ದರೆ ಎರಡನೇ ಸಲ ಅದೇ ಮಗುವಿನ ಮೇಲೆ ನನ್ನ ತಪ್ಪು ಹೊರಿಸಿದಂತೆ. ಚೀಟಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡೆ, ಅವಳಿಗೆ ಏನೂ ಹೇಳಲಿಲ್ಲ. ಧಾರವಾಡದ ಬಂಡಿಯಲ್ಲಿ ಅವಳು ದಾರಿಯುದ್ದ ಕಲಿಸಿದಳು: ಚಾಚೀ ಬಿದ್ದದ್ದು ಹೇಳುವಾಗ ದನಿ ಸಣ್ಣ ಮಾಡಬ್ಯಾಡ, ನನ್ನ ಹೊಗಳಾಕ ಹೋಗಬ್ಯಾಡ, ಕೇಳಿದ್ದಕ್ಕಷ್ಟ ಹೇಳು. ನಾನು ಎಲ್ಲದಕ್ಕೂ ಹ್ಞೂ ಅಂದೆ.

ಮೂವರು ಕುಳಿತಿದ್ದರು. ನಡುವಿನ ಹೆಂಗಸು ನನ್ನ ಮಗಳ ವಯಸ್ಸಿನವಳು, ಮುಖದಲ್ಲಿ ಅವಸರವಿರಲಿಲ್ಲ. ಇವರು ಮಾಡಿದ ದೊಡ್ಡ ತಪ್ಪು ಯಾವುದು ಹೇಳಿ ಯಜಮಾನರೇ ಎಂದಳು. ಕಲಿತಂತೆಯೇ ಶುರುಮಾಡಿದೆ. ಸಂತೆ, ಬಟ್ಟೆ, ಮದುವೆ, ಎಲ್ಲ ಸರಿಯಾಗಿ ಬಂತು. ‘ಕಸ್ತೂರಿ ಮರೆತಳು’ ಎಂಬಲ್ಲಿಗೆ ಬಂದಾಗ ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟೆ. ಮರೆತವನು ನಾನು, ನನಗೆ ಮರೆವು ಬಂದಿದೆ, ಈ ಹುಡುಗಿ ಏಳು ತಿಂಗಳಿಂದ ಅದನ್ನು ನನಗೂ ತಿಳಿಯದಂತೆ ಮುಚ್ಚಿಟ್ಟಿದ್ದಾಳೆ ಎಂದೆ.

ಕಸ್ತೂರಿಗೆ ಒಂದೇ ಮಾತು ಇತ್ತಲ್ಲ. ಅದಕ್ಕೆಂದು ಅವಳು ಎಂಟು ದಿನ ಕನ್ನಡಿ ಮುಂದೆ ನಿಂತು ಲಕ್ಕುಂಡಿಯ ದಾರಿಯ ಬಗ್ಗೆ ಒಂದು ಚೆಂದದ ವಾಕ್ಯ ಕಟ್ಟಿಕೊಂಡಿದ್ದಳು. ನನ್ನ ಕಡೆ ತಿರುಗಿ ಅವಳು ಅಂದದ್ದು, ‘ಏ ಅಜ್ಜಾ, ಇದನ್ನ ಹೇಳಂತ ನಿನಗ ಯಾರು ಅಂದಿದ್ರು? ಸುಮ್ಮ ಕುಂಡ್ರಾಕ ಏನಾಗಿತ್ತು ನಿನಗ?’

ಮುಗಿಯಿತು, ಅವಳ ಮಾತು ಖರ್ಚಾಯಿತು. ತುದಿಯಲ್ಲಿ ಕುಳಿತಿದ್ದ ಗಂಡಸು ಕೆಮ್ಮಿದ ಹಾಗೆ ಮಾಡಿ ನಕ್ಕ. ನಡುವಿನವಳು ನಗಲಿಲ್ಲ. ಇದು ನಿಮ್ಮ ತಪ್ಪಾಯಿತು, ಇವರ ತಪ್ಪು ಯಾವುದು ಎಂದಳು. ಆ ಪ್ರಶ್ನೆಗೆ ನಾನು ಓದಿರಲಿಲ್ಲ. ಅಲ್ಲೇ ಯೋಚಿಸಿ ಹೇಳಿದೆ: ಬಿದ್ದವಳಿಗೆ ಇವಳು ಸುಳ್ಳು ಹೇಳಿದಳು. ನನಗೂ ಹೇಳಲಿಲ್ಲ. ಹೇಳಿದ್ದರೆ ಅಂದೇ ಚೀಟಿ ಬರೆಯುವುದು ಬಿಡುತ್ತಿದ್ದೆ. ತಿಳಿಯದೆ ಇನ್ನೂ ಏಳು ತಿಂಗಳು ಬರೆದೆ, ಇನ್ನೊಬ್ಬಳು ಬೀಳಬಹುದಿತ್ತು. ಪ್ರೀತಿಯಿಂದ ಮಾಡಿದಳು ಸರಿ, ಬಿಸಿಲಿಗೆ ಅದು ತಿಳಿಯುವುದಿಲ್ಲ. ಇವರ ಕೈಕೆಳಗೆ ನೀವು ಕೆಲಸ ಮಾಡುತ್ತೀರಾ ಎಂದು ನಡುವಿನವಳು ಕೇಳಿದಳು. ನಾನು ಮರೆತಾಗ ಮರೆತೆ ಎಂದು ಮುಖಕ್ಕೆ ಹೇಳುವುದಾದರೆ ಮಾಡುತ್ತೇನೆ ಎಂದೆ. ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುವೋ ಸಿಟ್ಟೋ, ನನಗೆ ನೋಡುವ ಧೈರ್ಯ ಬರಲಿಲ್ಲ.

ಮೂವರೂ ಒಳಗೆ ಹೋಗಿ ಬಂದರು. ಮರೆವು ಇದೆ ಎಂದು ತಾನೇ ಒಪ್ಪುವವನ ಸಾಕ್ಷಿಯನ್ನು ನಂಬುವುದೂ ಕಷ್ಟ, ಬಿಡುವುದೂ ಕಷ್ಟ, ಎಂಟು ದಿನದಲ್ಲಿ ಮಾಬೂಬಿಯವರು ಬಂದು ಮಾತಾಡಲಿ ಎಂದರು.

ಮರುದಿನ ಬೆಳಿಗ್ಗೆ ಕಸ್ತೂರಿ ಸಂತೆಗೆ ಹೋಗಿ ಎಲ್ಲ ಹೇಳಿದಳು. ನಾನು ಹಿಂದೆ ನಿಂತಿದ್ದೆ. ಮಾಬೂಬಿ ಮೊದಲು ಅವಳನ್ನು ನೋಡಿದಳು, ಆಮೇಲೆ ನನ್ನನ್ನು. ‘ಏಳು ತಿಂಗಳು ಪಾಪ ಹುಡುಗಿ ಕೊರಗಿ ಸೊರಗ್ಯಾಳಂತ ಪುಕ್ಕಟೆ ಕೊತ್ತಂಬರಿ ಕೊಟ್ಟೀನಲ್ಲೇ! ಆ ಕೊತ್ತಂಬರಿ ಸಾರು ಉಂಡಾಂವ ಈ ಮುದುಕ! ನಾ ಯಾರಿಂದ ಬಿದ್ದೆ ಅನ್ನೂದು ನನಗ ಗೊತ್ತಾಗಬ್ಯಾಡೇನು?’ ಇಡೀ ಸಾಲು ಮಾರಾಟ ಬಿಟ್ಟು ಕೇಳಿತು. ನನಗೆ ಸಲ್ಲಬೇಕಾದ ಬೈಗುಳ ಏಳು ತಿಂಗಳ ಬಡ್ಡಿಯೊಡನೆ ಸಂದಿತು. ಧಾರವಾಡಕ್ಕೆ ಬರ್ತೀನಿ, ಆದರ ನನಗ ಯಾರೂ ಏನೂ ಕಲಿಸಬ್ಯಾಡ್ರಿ, ನನಗ ತಿಳಿದದ್ದು ಹೇಳ್ತೀನಿ ಎಂದಳು. ಆ ಎಂಟು ದಿನ ಕಸ್ತೂರಿ ಸರಿಯಾಗಿ ಉಣ್ಣಲಿಲ್ಲ. ಅಂಗಡಿಯ ಗೋಡೆಗೆ ದೊಡ್ಡ ಹಲಗೆ ಹಾಕಿ, ಯಾವ ಬಟ್ಟೆ ಯಾವ ದಿನ ಯಾರಿಗೆ ಎಂದು ಬೀದಿಗೆ ಕಾಣುವಂತೆ ಬರೆದಳು; ಚೀಟಿ ಬರೆಯುವುದನ್ನು ನನ್ನ ಕೈಯಿಂದ ಬಿಡಿಸಿದಳು. ನೋವಾಯಿತು, ಹಗುರವೂ ಆಯಿತು.

ಮಾಬೂಬಿ ಅಲ್ಲಿ ಆಡಿದ ಮಾತು ಈಗ ಬೆಟಗೇರಿಗೆಲ್ಲ ಗೊತ್ತು, ಅವಳೇ ಸಾರಿದ್ದಾಳೆ. ‘ಹುಡುಗಿ ನನಗ ಸುಳ್ಳು ಹೇಳ್ಯಾಳ್ರೀ, ಖರೆ. ಆದರ ನಾ ಬಿದ್ದ ದಿನದಿಂದ ಇವತ್ತಿನ ತನಕ ನಮ್ಮ ಸಾಲಿಗೆ ಒಂದು ದಿನಾನೂ ನೆರಳು ತಪ್ಪಿಲ್ಲ, ತಾನ ಬಂದು ಹಗ್ಗ ಹಿಡಿದು ನಿಲ್ತಾಳ. ನೆರಳು ಹಾಕೂದು ಆಕಿಗೆ ಬರ್ತದ. ಖರೆ ಹೇಳೂದಷ್ಟು ನೀವು ಕಲಸ್ರಿ, ಅದಕ್ಕ ಓದಸೂ ಸಾಲಿ ಅಂತ ಇಟ್ಕೊಂಡೀರಿ ಅಲ್ಲಾ?’

ಇವತ್ತು ಬೆಳಿಗ್ಗೆ ಸೀಟು ಸಿಕ್ಕ ಸುದ್ದಿ ಬಂತು. ಮುಂದಿನ ತಿಂಗಳಿಂದ ಅವಳು ವಾರಕ್ಕೆ ನಾಲ್ಕು ದಿನ ಧಾರವಾಡ, ಉಳಿದ ದಿನ ಅಂಗಡಿ. ನಾನು ಈಗ ಹಗ್ಗ ಕಟ್ಟುತ್ತೇನೆ. ಗಂಟು ಹಾಕುವುದು ಕೈಗೆ ನೆನಪಿದೆ, ತಲೆಯನ್ನು ಕೇಳಬೇಕಾಗಿಲ್ಲ.

ಇಷ್ಟೆಲ್ಲ ನಿನಗೆ ಯಾಕೆ ಬರೆದೆ ಎಂದರೆ, ನಿನ್ನ ಸಂದರ್ಶನ ಏನಾಯಿತು ಎಂದು ನಮಗೆ ಗೊತ್ತಿಲ್ಲ. ನೀನು ದೊಡ್ಡ ಕಂಪನಿ ನಡೆಸಿದೆ ಎಂದು ನನ್ನ ಒಬ್ಬ ಅತ್ತೆ ಹೇಳುತ್ತಿದ್ದಳು, ಖಾನಾವಳಿ ನಡೆಸಿದೆ ಎಂದು ಇನ್ನೊಬ್ಬಳು. ನಿನ್ನ ಹತ್ತಿರ ಕೆಲಸಕ್ಕಿದ್ದವರು ಬಿಟ್ಟು ಹೋಗುತ್ತಿರಲಿಲ್ಲ ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ನಿನ್ನ ಕಾಲದಲ್ಲಿ ಬದಲುಬಾಯಿ ಇಲ್ಲ, ನಿನ್ನ ಬಗ್ಗೆ ನೀನೇ ಹೇಳಬೇಕು, ಅದು ನಮ್ಮದಕ್ಕಿಂತ ಕಷ್ಟ. ಆದ್ದರಿಂದ ಒಂದು ಕೋರಿಕೆ. ಸಂದರ್ಶನಕ್ಕೆ ಹೋಗುವ ಮುಂಚೆ, ನಿನ್ನಿಂದ ಒಂದು ಸಲವಾದರೂ ತೊಂದರೆಪಟ್ಟ ಒಬ್ಬರ ಹತ್ತಿರ ಹೋಗಿ ಅರ್ಧ ಗಂಟೆ ಕುಳಿತುಕೋ. ನನ್ನ ಬಗ್ಗೆ ಏನು ಹೇಳುತ್ತೀರಿ ಎಂದು ಕೇಳು, ನಡುವೆ ಬಾಯಿ ಹಾಕಬೇಡ. ಬೈದರೆ ಬೈಸಿಕೋ. ಅಲ್ಲಿಂದ ಎದ್ದು ಬರುವಾಗ ನಿನಗೆ ಬೇಕಾದ ಉತ್ತರ ಕೈಯಲ್ಲಿರುತ್ತದೆ. ಹೆದರಬೇಡ. ಸೀಟು ಸಿಕ್ಕರೂ ಸಿಗದಿದ್ದರೂ ನಾವೆಲ್ಲ ಇಲ್ಲಿ ಚೆನ್ನಾಗಿಯೇ ಇದ್ದೇವೆ.

ಕಾಗದ ಮಡಿಸುವ ಮುಂಚೆ ಕಸ್ತೂರಿಗೆ ಓದಿ ಹೇಳಿದೆ. ಎರಡು ಕಡೆ ತಪ್ಪು ನೆನಪಿಟ್ಟಿದ್ದೀ ಅಜ್ಜಾ ಎಂದು ಮುಖಕ್ಕೇ ಹೇಳಿದಳು. ತಿದ್ದಿದ್ದೇನೆ.

ಇತಿ ನಿನ್ನ ಮರಿಮೊಮ್ಮಗ,
ಫಕೀರಪ್ಪ