ಒಂದೇ ಸಲ ಕೇಳಿದಳು

ಮಾರ್ಚ್ ೪, ಮಂಗಳವಾರ

ಮತ್ತೆ ಬೀನ್ಸು, ಮತ್ತೆ ಮೆಕ್ಕೆಜೋಳದ ಬ್ರೆಡ್ಡು. ಶಾಲೆಯ ಮಕ್ಕಳು ಅರ್ಧ ತಿಂದು ಅರ್ಧ ಚೆಲ್ಲಿದರು. ಪಾತ್ರೆ ತೊಳೆದು ಮನೆಗೆ ಬರುವಾಗ ಮೂರು ಗಂಟೆ. ಕಾಲು ಊದಿದೆ. ಒಗೆದ ಬಟ್ಟೆ ಮಡಚುತ್ತಿದ್ದೆ, ಡೆಲ್ಫಿ ಫೋನು.

ತಂಗಿಗೆ ಅಕ್ಕನ ನೆನಪು ನಾಲ್ಕು ತಿಂಗಳಿಗೊಂದು ಸಲ. ನ್ಯಾಶ್‌ವಿಲ್‌ನಲ್ಲಿ ಹೊಸ ಆಲ್ಬಮ್ ಮಾಡುತ್ತಿದ್ದಾಳಂತೆ. ಪೂರ್ತಿ ಕೆಂಟಕಿ ಮೇಲೆ. ನಮ್ಮ ಹಳ್ಳ, ನಮ್ಮ ಗುಡ್ಡ, ಅಮ್ಮ, ಅಪ್ಪನ ಗಣಿ — ಎಲ್ಲ. ಈ ಗುಡ್ಡಗಳ ಮಧ್ಯೆ ಉಸಿರು ಕಟ್ಟುತ್ತೆ ಅಂತ ಹದಿನೆಂಟಕ್ಕೇ ಓಡಿದವಳು. ಇಪ್ಪತ್ತೆರಡು ವರ್ಷ ಆಯಿತು. ಈಗ ಗುಡ್ಡ ಬೇಕಂತೆ, ಹನ್ನೊಂದು ಹಾಡಿಗೆ ಆಗುವಷ್ಟು.

"ಅಕ್ಕಾ, ಮೂರು ಹಾಡಿಗೆ ಮೇಲಿನ ದನಿ ನೀನು ಹಾಡ್ತೀಯಾ? ಇಲ್ಲಿಗೆ ಬಂದು?"

ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಅವಳು ರಾಗ ಹಿಡಿದರೆ ನಾನು ಅದರ ಮೇಲಿನ ದನಿ. ಇಬ್ಬರೂ ಒಂದೇ ಗಂಟಲಿನವರು ಅನ್ನುತ್ತಿದ್ದರು.

"ಅಯ್ಯೋ, ನನ್ನ ಗಂಟಲು ಈಗ ಸರಿ ಇಲ್ಲ ಕಣೇ" ಅಂದೆ.

"ಓ... ಸರಿ ಅಕ್ಕ. ಪರವಾಗಿಲ್ಲ ಬಿಡು" ಅಂದಳು. ಇಟ್ಟೇಬಿಟ್ಟಳು.

ಅಷ್ಟೇ. ಕೈಯಲ್ಲಿ ಗಂಡ ಎಸ್ಟಿಲ್‌ನ ಒಂಟಿ ಕಾಲುಚೀಲ ಹಿಡಿದು ನಿಂತಿದ್ದೆ.

ಮಾರ್ಚ್ ೯, ಭಾನುವಾರ

ಚರ್ಚಿನಲ್ಲಿ ನಮ್ಮ ಪಾದ್ರಿ ಬ್ರದರ್ ಹೋಬರ್ಟ್, "ರೀಥಾ, ಒಂದು ಹಾಡು" ಅಂದರು. ಗಂಟಲು ಸರಿ ಇಲ್ಲ ಅಂದೆ. "ಇರೋ ಗಂಟಲಲ್ಲೇ ಹಾಡಮ್ಮ" ಅಂದರು. ನನಗಿಂತ ಚೆನ್ನಾಗಿ ಹಾಡೋರು ಇದ್ದಾರಲ್ಲ ಅಂದೆ. "ನಿನ್ನ ಹಾಡು ಕೇಳದೆ ಊಟಕ್ಕೆ ಏಳೋಲ್ಲ" ಅಂದರು. ಎದ್ದೆ. ಹಾಡಿದೆ. ಮುಂದಿನ ಸಾಲಿನಲ್ಲಿ ಮೂರು ಜನ ಕಣ್ಣೊರೆಸಿಕೊಂಡರು. ಗಂಟಲಿಗೆ ಏನಾಗಿತ್ತು? ಏನೂ ಇಲ್ಲ. ಯಾವತ್ತೂ ಏನೂ ಆಗಿಲ್ಲ.

ಕೇಳಿದ ಕೂಡಲೇ ಎದ್ದು ಹಾಡುವುದು ಈ ಹಳ್ಳದ ಉದ್ದಕ್ಕೂ ಯಾರಿಗೂ ಗೊತ್ತಿಲ್ಲ. ಊಟಕ್ಕೆ ಕರೆದರೂ ಹಾಗೆ, ಹಾಡಿಗೆ ಕರೆದರೂ ಹಾಗೆ. ಎರಡು ಸಲ ಬೇಡ ಅನ್ನಬೇಕು. ಮೂರನೇ ಸಲಕ್ಕೆ ಏಳಬೇಕು. ಅಮ್ಮ ನಮ್ಮಿಬ್ಬರ ತೊಡೆಗೂ ಚಿವುಟಿ ಚಿವುಟಿ ಕಲಿಸಿದ್ದು.

ಡೆಲ್ಫಿ ಇನ್ನೂ ಎರಡು ಸಲ ಕೇಳಬೇಕು. ಕೇಳುತ್ತಾಳೆ. ಈ ವಾರ.

ಮಾರ್ಚ್ ೨೧

ಫೋನಿಲ್ಲ. ಸ್ನಾನ ಮಾಡುವಾಗ ಹಾಡಿ ನೋಡಿದೆ. ಮೇಲಿನ ಸ್ವರ ಇನ್ನೂ ಸಲೀಸು. ನೀಲಿ ಫ್ರಾಕಿಗೆ ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಸುಮ್ಮನೆ.

ಎಸ್ಟಿಲ್ ನೋಡಿದ. "ಯಾರ ಮದುವೆನೇ?"

"ಯಾರದೂ ಇಲ್ಲ."

"ನೀನೇ ಒಂದು ಫೋನ್ ಮಾಡಬಾರ್ದಾ?"

ನಾನು ಮಾಡುವುದಾ! ಇಪ್ಪತ್ತೇಳು ವರ್ಷ ಸಂಸಾರ ಮಾಡಿದರೂ ಈ ಮನುಷ್ಯನಿಗೆ ಒಂದು ಮಾತು ಅರ್ಥವಾಗುವುದಿಲ್ಲ. ಅವನಮ್ಮ ಒಹಾಯೋದವಳು, ಹೊರಗಿನವಳು.

ಏಪ್ರಿಲ್ ೧೧

ಫೋನಿನಲ್ಲಿ ಫೋಟೊ ಹಾಕಿದ್ದಾಳೆ. ಸ್ಟುಡಿಯೊ. ಒಂದೇ ಮೈಕಿನ ಮುಂದೆ ಇಬ್ಬರು. ಒಬ್ಬಳು ಡೆಲ್ಫಿ. ಇನ್ನೊಬ್ಬಳು ಸಿಯೆನ್ನಾ ಅಂತೆ, ಊರು ಕ್ಯಾಲಿಫೋರ್ನಿಯಾ. ಸೊಂಟದವರೆಗೆ ಕೂದಲು, ಬಿಳಿ ಹಲ್ಲು. ಕೆಳಗೆ ಬರೆದಿದ್ದಾಳೆ: "ಈ ದನಿ ಸಿಕ್ಕಿದ್ದು ನನ್ನ ಪುಣ್ಯ."

ನೀಲಿ ಫ್ರಾಕು ಪೆಟ್ಟಿಗೆ ಸೇರಿತು. ಆಲೂಗಡ್ಡೆ ಸುಲಿಯುತ್ತಾ ಬೆರಳು ಕೊಯ್ದುಕೊಂಡೆ. ಹೊಟ್ಟೆಕಿಚ್ಚು ಪಾಪ ಅಂತ ಗೊತ್ತು. ಗೊತ್ತಿದ್ದರೆ ಆರುತ್ತಾ?

ಜೂನ್ ೨೦, ಶುಕ್ರವಾರ

ಆಲ್ಬಮ್ ಬಂತು. ಕೇಳುವುದಿಲ್ಲ ಅಂತ ಬೆಳಿಗ್ಗೆ ಪ್ರತಿಜ್ಞೆ ಮಾಡಿದ್ದೆ. ಹತ್ತೂವರೆಗೆ ಕಿರಾಣಿ ಅಂಗಡಿ ಎದುರು ಕಾರು ನಿಲ್ಲಿಸಿ, ಗಾಜು ಏರಿಸಿ, ಕೂತು ಹನ್ನೊಂದೂ ಕೇಳಿದೆ. ಐಸ್‌ಕ್ರೀಮ್ ಹಿಂದಿನ ಸೀಟಿನಲ್ಲಿ ಕರಗಿ ಹೋಯಿತು.

ನಾಲ್ಕನೆಯ ಹಾಡು ನಮ್ಮ ಹಳ್ಳ ಉಕ್ಕಿದ ಪ್ರವಾಹದ್ದು. "ಅಮ್ಮನ ಮನೆಯಿಂದ ಕೆಸರು ಎತ್ತಿದೆವು" ಅಂತೆ. ಎತ್ತಿದೆವು! ಎತ್ತಿದ್ದು ನಾನು, ಎಸ್ಟಿಲ್, ಚರ್ಚಿನ ಆರು ಜನ. ಹದಿಮೂರು ದಿನ. ಅಮ್ಮನ ಹೊಲಿಗೆ ಮಿಷಿನ್ನು ಹಳ್ಳದ ಕಲ್ಲಿನ ಸಂದಿಯಲ್ಲಿ ಸಿಕ್ಕಿದ್ದು ನನಗೆ. ಅವಳು ಆಗ ಟೆಕ್ಸಸ್‌ನಲ್ಲಿ ಯಾವುದೋ ವೇದಿಕೆ ಮೇಲೆ ಇದ್ದಳು. ನೀರಿನ ಬಾಟಲಿ ತುಂಬಿದ ಲಾರಿ ಕಳಿಸಿದ್ದಳು, ನಿಜ. ಸುಳ್ಳು ಯಾಕೆ ಬರೆಯಲಿ.

ಹಾಡು ಚೆನ್ನಾಗಿದೆ. ಅದೇ ತಾಳಲಾಗದ್ದು.

ಸಿಯೆನ್ನಾಳ ದನಿಯಲ್ಲಿ ತಪ್ಪು ಹುಡುಕಿದೆ. ಎರಡನೇ ಸಲ, ಮೂರನೇ ಸಲ. ಸಿಗಲಿಲ್ಲ. ಸ್ವರ ಅಚ್ಚುಕಟ್ಟು. ಆದರೆ ಈ ಹಳ್ಳದ ಹುಡುಗಿಯರು ನಾವು, ಸಾಲಿನ ಕೊನೆಯಲ್ಲಿ ದನಿಯನ್ನು ಸ್ವಲ್ಪ ಮೇಲಕ್ಕೆ ಮುರಿದು ಬಿಡುತ್ತೇವೆ. ಅವಳು ಮುರಿಯುವುದಿಲ್ಲ. ಅಲ್ಲೆಲ್ಲ ನಾನೇ ಮುರಿದೆ. ಪಕ್ಕದ ಕಾರಿನವನು ತಿರುಗಿ ನೋಡಿದ.

ಆಗಸ್ಟ್ ೩

ಊರಿಗೆ ಊರೇ ಹುಚ್ಚು ಹಿಡಿದವರ ಹಾಗೆ. ಬ್ಯಾಂಕಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಅದೇ ಹಾಡು. "ನಿನ್ನ ತಂಗಿ ಅಂದ್ರೆ ಕೆಂಟಕಿಯ ದನಿ!" ಅಂತಾರೆ. ನಗುತ್ತೇನೆ. ಕೆನ್ನೆ ನೋಯುತ್ತೆ.

ಓಮಾ ದೊಡ್ಡಮ್ಮ ಬಂದಿದ್ದರು. ಎಂಬತ್ತನಾಲ್ಕು. ಬಾಯಿ ಮಾತ್ರ ಇಪ್ಪತ್ತರದು.

"ಯಾಕೇ ಮುಖ ಉಪ್ಪಿನಕಾಯಿ ಜಾಡಿ ಥರ? ನಿನ್ನ ಯಾಕೆ ಹಾಡಿಸ್ಲಿಲ್ಲ ಅವ್ಳು?"

"ಕೇಳಿದ್ಲು. ನನ್ನ ಗಂಟಲು..."

"ಎಷ್ಟು ಸಲ ಕೇಳಿದ್ಲು?"

"ಒಂದು."

ಕಾಫಿ ಕಪ್ಪು ಕೆಳಗಿಟ್ಟರು. "ಒಂದೇನಾ? ನಾಯಿಗೂ ಎರಡು ಸಲ ಕರೀತೀವಲ್ಲೇ!"

ನಾನು ಅಳಬಾರದಿತ್ತು. ಅತ್ತುಬಿಟ್ಟೆ.

ಸೆಪ್ಟೆಂಬರ್ ೬, ಶನಿವಾರ, ಮಧ್ಯಾಹ್ನ ಮೂರೂಕಾಲು

ಬೇಗ ಬೇಗ ಬರೆಯುತ್ತಿದ್ದೇನೆ. ಅವಳು ಹೊರಗೆ ಜಗಲಿಯಲ್ಲಿದ್ದಾಳೆ.

ಇವತ್ತು ಸಂಜೆ ಏಳಕ್ಕೆ ಹೈಸ್ಕೂಲಿನ ಆಟದ ಹಾಲಿನಲ್ಲಿ ಡೆಲ್ಫಿ ಕಾರ್ಯಕ್ರಮ. ಟಿಕೆಟ್ ಎಲ್ಲ ಮುಗಿದಿದೆ. ನಾನು ಹೋಗಬಾರದು ಅಂತಲೇ ಇದ್ದೆ. ಮಧ್ಯಾಹ್ನ ಅಂಗಳದಲ್ಲಿ ಕಾರು. ಒಬ್ಬಳೇ ಬಂದಿದ್ದಾಳೆ. ಮೇಕಪ್ಪಿಲ್ಲ, ಅಪ್ಪನ ಹಳೆ ಜಾಕೀಟು.

ಬೀನ್ಸ್ ಬಡಿಸಿದೆ. ಬೇಡ ಅಂದಳು, ಬೇಡ ಅಂದಳು, ತಟ್ಟೆ ಎಳೆದುಕೊಂಡಳು. ಅದನ್ನು ನೋಡಿ ನನಗೆ ಎಲ್ಲಿತ್ತೋ ಸಿಟ್ಟು.

"ಹಾಗಾದ್ರೆ ಮರ್ತಿಲ್ಲ ನೀನು!"

"ಏನನ್ನ?"

"ಎರಡು ಸಲ ಬೇಡ ಅನ್ನೋದನ್ನ! ನನ್ನ ಮಾತ್ರ ಒಂದೇ ಸಲ ಕೇಳಿ ಫೋನ್ ಇಟ್ಟೆಯಲ್ಲೇ! ನಾನು ಬಟ್ಟೆ ಇಸ್ತ್ರಿ ಮಾಡ್ಕೊಂಡು ಕಾದೆ. ಹುಚ್ಚಿ ಥರ ಕಾದೆ."

ಚಮಚ ಕೆಳಗಿಟ್ಟಳು.

"ಮರ್ತಿರ್ಲಿಲ್ಲ. ಗೊತ್ತಿದ್ದೇ ಒಂದ್ಸಲ ಕೇಳಿದ್ದು. ನೀನು ಮೊದಲು ಬೇಡ ಅಂತೀಯ ಅಂತ ಗೊತ್ತಿತ್ತು. ಆ 'ಬೇಡ' ಸಿಕ್ಕಿದ್ದೇ ತಡ, ಫೋನ್ ಇಟ್ಬಿಟ್ಟೆ."

"ಯಾಕೇ?"

"ನಿನ್ನ ಕೇಳ್ಲೇ ಇಲ್ಲ ಅಂದ್ರೆ ಊರಲ್ಲಿ ಮುಖ ತೋರ್ಸೋ ಹಾಗಿಲ್ಲ. ನೀನು ಬಂದ್ರೆ..." ತಟ್ಟೆ ಪಕ್ಕಕ್ಕೆ ತಳ್ಳಿದಳು. "ನಾವಿಬ್ರೂ ಹಾಡೋವಾಗ ಅಮ್ಮ ಯಾರನ್ನ ನೋಡ್ತಿದ್ಲು? ರಾಗ ಹಿಡ್ದವಳು ನಾನು. ನೋಡ್ತಿದ್ದಿದ್ದು ನಿನ್ನ. ಇಡೀ ಚರ್ಚು ನಿನ್ನ ಕಡೆ ತಿರುಗೋದು. ನಾನು ಊರು ಬಿಟ್ಟಿದ್ದು ಉಸಿರು ಕಟ್ಟಿ ಅಲ್ಲ ಅಕ್ಕ, ನಿನ್ನ ದನಿ ಕೇಳಕ್ಕಾಗದೆ. ಈ ಒಂದು ಆಲ್ಬಮ್ಮಾದ್ರೂ ನಂದೇ ಇರ್ಲಿ ಅಂತ. ಆದ್ರೆ ಸಿಯೆನ್ನಾ ಹಾಡಿದಾಗ್ಲೆಲ್ಲ ನನ್ನ ಕಿವಿ ನಿನ್ನನ್ನೇ ಹುಡುಕತ್ತೆ. ಚಂಡಾಲಿ."

ನನಗೆ ಏನಾಗಬೇಕಿತ್ತು? ಸಿಟ್ಟು ಬರಬೇಕಿತ್ತು, ಕರುಣೆಯಾದರೂ ಬರಬೇಕಿತ್ತು. ಖುಷಿಯಾಯಿತು. ದೇವರು ಕ್ಷಮಿಸಲಿ, ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಖುಷಿ ಆಗಿರಲಿಲ್ಲ. ನಾನೊಬ್ಬಳೇ ಉರಿಯುತ್ತಿದ್ದೆ ಅಂದುಕೊಂಡಿದ್ದೆ. ಅವಳೂ ಉರಿದಿದ್ದಾಳೆ. ಅಷ್ಟು ಹೆಸರು, ಅಷ್ಟು ದೀಪದ ನಡುವೆ ನಿಂತು, ಶಾಲೆಯಲ್ಲಿ ಬೀನ್ಸ್ ಬಡಿಸುವ ನನ್ನನ್ನು ನೋಡಿ!

ಆಮೇಲೆ ಜಗಲಿಗೆ ಹೋದೆವು. "ಇವತ್ತು ಸಂಜೆ ನಾಲ್ಕನೇ ಹಾಡು ನನ್ನ ಜೊತೆ ಹಾಡ್ತೀಯಾ?" ಅಂದಳು. "ನಿನ್ನದೇ ಕೆಸರು ಅದು."

ಹೂಂ ಅನ್ನೋಣ ಅಂತ ಬಾಯಿ ತೆರೆದೆ. ಗಂಟಲು ಸರಿ ಇಲ್ಲ ಅಂತ ಬಂತು. ಅಭ್ಯಾಸ! ನನಗೇ ಜೀವ ಹೋದ ಹಾಗಾಯಿತು.

ಅವಳು ಏಳಲಿಲ್ಲ. ಕಾಲು ಚಾಚಿ ಕೂತಳು. "ಇರೋ ಗಂಟಲಲ್ಲೇ ಹಾಡು" ಅಂದಳು.

"ನನಗಿಂತ ಚೆನ್ನಾಗಿ ಹಾಡೋಳು ಕ್ಯಾಲಿಫೋರ್ನಿಯಾದಿಂದ ಬಂದಿದ್ದಾಳಲ್ಲ" ಅಂದೆ. ಇದು ಅಭ್ಯಾಸ ಅಲ್ಲ, ಬೇಕಂತಲೇ.

ಕಾಫಿ ತರ್ತೀನಿ ಅಂತ ಒಳಗೆ ಬಂದೆ. ಕಾಫಿ ಉಕ್ಕಿ ಒಲೆ ಮೇಲೆಲ್ಲ ಹರಿದಿದೆ, ಒರೆಸಿಲ್ಲ. ನೀಲಿ ಫ್ರಾಕು ಪೆಟ್ಟಿಗೆಯಿಂದ ತೆಗೆದಿದ್ದೇನೆ, ಸುಕ್ಕು. ಇನ್ನೂ ಒಂದು ಸಲ ಬಾಕಿ. ಕೇಳದೆ ಕಾರು ಹತ್ತಿದರೆ? ನಾನೇ ಹೋಗಿ... ಇಲ್ಲ. ಕುರ್ಚಿ ಸರಿದ ಸದ್ದು. ಬಾಗಿಲ ಹತ್ತಿರ ಬಂದಳು. "ಅಕ್ಕಾ" ಅಂತಿದ್ದಾಳೆ —